ಒಂಬತ್ತನೆಯ ಪುಟದ ಮೌನ

ಮಾಂಟ್ರಿಯಲ್, ಗುರುವಾರ

ಗೆರ್ಶನ್,

ಯೋಮ್ ಕಿಪ್ಪೂರ್ ಉಪವಾಸಕ್ಕೆ ಇನ್ನು ಆರು ದಿನ. ಅಷ್ಟರೊಳಗೆ ಯಾರನ್ನು ನೋಯಿಸಿದ್ದೇವೋ ಅವರನ್ನೇ ಕ್ಷಮೆ ಕೇಳಬೇಕು. ದೇವರನ್ನು ಕೇಳಿದರೆ ಸಾಲದು. ನಿನ್ನ ಮೇಲೆ ನಾನು ಹೊರಿಸಿದ ಅಪವಾದ ಸಣ್ಣದಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಜುಲೈನಲ್ಲಿ ನಿನ್ನ ಹೊಸ ಕೃತಿಯ ಹಾಳೆಗಳು ಬಂದವು. ಎರಡು ಪಿಟೀಲು, ನನ್ನ ವಿಯೋಲಾ, ನೋಅಮನ ಚೆಲ್ಲೊ. ಒಂಬತ್ತನೆಯ ಪುಟಕ್ಕೆ ಬಂದಾಗ ನನ್ನ ಕೈ ನಿಂತಿತು. ಮೊದಲ ಪಿಟೀಲು ಹಾಡುತ್ತಿದ್ದದ್ದು ನನ್ನ ಅಪ್ಪನ ಧಾಟಿ. ಅಪ್ಪ ನಮ್ಮ ಯಹೂದಿ ಪ್ರಾರ್ಥನಾಮಂದಿರದಲ್ಲಿ, ಆ ಹಳೆಯ ಸಿನಗಾಗ್‌ನಲ್ಲಿ, ಮೂವತ್ತೊಂದು ವರ್ಷ ಪ್ರಾರ್ಥನೆ ಹಾಡಿದವರು. ನೀನು ಅವರ ಶಿಷ್ಯ. ಯೋಮ್ ಕಿಪ್ಪೂರ್‌ನಂದು ಇಡೀ ದಿನ ಹನಿ ನೀರಿಲ್ಲದೆ ಹಾಡಿ, ಸಂಜೆಯ ಕೊನೆಯ ಪ್ರಾರ್ಥನೆಗೆ ಬರುವಷ್ಟರಲ್ಲಿ ಅವರ ಶ್ರುತಿ ಕೂದಲೆಳೆಯಷ್ಟು ಇಳಿಯುತ್ತಿತ್ತು. ಒಂದು ಜಾಗದಲ್ಲಿ ಸಾಲು ಮರೆತವರಂತೆ ನಿಲ್ಲುತ್ತಿದ್ದರು. ಆಮೇಲೆ ಸರಿಯಾದ ಸ್ವರಕ್ಕೆ ಏರುತ್ತಿದ್ದರು. ಆ ಇಳಿತ, ಆ ಮೌನ ಎರಡೂ ನಿನ್ನ ಪುಟದಲ್ಲಿದ್ದವು.

ಅಪ್ಪ ಅದನ್ನು ಯಾರಿಗೂ ಬರೆದುಕೊಟ್ಟಿರಲಿಲ್ಲ. ಧ್ವನಿಮುದ್ರಣ ಇರಲು ಸಾಧ್ಯವೇ ಇಲ್ಲ. ಆ ದಿನ ನಿಯಮದಂತೆ ನಾವು ದೀಪದ ಸ್ವಿಚ್ಚನ್ನೂ ಮುಟ್ಟುವುದಿಲ್ಲ. ಹಾಗಾದರೆ ನಿನಗೆ ಎಲ್ಲಿಂದ ಸಿಕ್ಕಿತು? ಆಗ ನಿನ್ನ ದಪ್ಪ ಕೋಟು ನೆನಪಾಯಿತು. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ, ಹೆಂಗಸರು ಕೂರುವ ಮಹಡಿಯ ಜಾಲರಿಯ ಸಂದಿಯಿಂದ ನೋಡಿದ್ದೆ. ನೀನು ಮೂರನೆಯ ಸಾಲಿನಲ್ಲಿ ನಿಂತು, ಗಳಿಗೆಗೊಮ್ಮೆ ಬಲಜೇಬಿಗೆ ಕೈ ಹಾಕುತ್ತಿದ್ದೆ. ಸೆಕೆಯ ದಿನ ಅದು.

ಇದನ್ನು ಹೇಳಿದಾಗ ನೋಅಮ್ ನಕ್ಕ. "ವಿಯೋಲಾ ಬಿಟ್ಟು ಪೊಲೀಸ್ ಕೆಲಸಕ್ಕೆ ಸೇರ್ಕೋ ಮಾರಾಯ್ತಿ, ಪೆನ್ಶನ್ನಾದ್ರೂ ಬರುತ್ತೆ" ಎಂದ. ನಾನು ನಗಲಿಲ್ಲ. ಪವಿತ್ರ ದಿನದಂದು ಜೇಬಿನಲ್ಲಿ ಯಂತ್ರ ಅಡಗಿಸಿಟ್ಟು ಗುರುವಿನ ದನಿ ಕದ್ದೆಯಾ ಎಂದು ನಿನಗೆ ಬರೆದೆ. ನೀನು ಒಂದೇ ಸಾಲು ಉತ್ತರಿಸಿದೆ: "ಅದು ನಾನು ಹೇಳುವ ವಿಷಯವಲ್ಲ." ಕದಿಯದವನು ಹೀಗೆ ಬರೆಯುತ್ತಾನೆಯೇ? ಭಾನುವಾರದ ಕಛೇರಿಯಲ್ಲಿ ನಾನು ನುಡಿಸುವುದಿಲ್ಲ ಎಂದು ಎಲ್ಲರಿಗೂ ಹೇಳಿಬಿಟ್ಟೆ. ಇಷ್ಟು ತಡವಾಗಿ ಬೇರೆ ವಿಯೋಲಾ ಸಿಗದೆಂದು ಗೊತ್ತಿದ್ದೇ ಹೇಳಿದೆ.

ಇವತ್ತು ಬೆಳಿಗ್ಗೆ ಸಾಕ್ಷಿ ಹುಡುಕಿಕೊಂಡು ಅಮ್ಮನ ಮನೆಗೆ ಹೋದೆ. ಅಮ್ಮ ಸೂಪಿಗೆ ಉಂಡೆ ಕಟ್ಟುತ್ತಲೇ ನನ್ನ ದೂರು ಕೇಳಿದಳು.

"ಅವನ ಜೇಬಲ್ಲಿ ಏನಿತ್ತು ಗೊತ್ತೇನೇ ನಿಂಗೆ?" ಎಂದಳು. "ಲವಂಗ ಚುಚ್ಚಿದ ನಿಂಬೆಹಣ್ಣು. ಉಪವಾಸದಲ್ಲಿ ತಲೆ ತಿರುಗದೆ ಇರ್ಲಿ, ಮೂಸ್ತಾ ಇರು ಅಂತ ನಾನೇ ಕೊಟ್ಟಿದ್ದೆ. ಬಡಕಲು ಹುಡುಗ, ಪ್ರತಿ ವರ್ಷ ಬಿಳಚಿಕೊಳ್ತಿದ್ದ."

ಅಷ್ಟಕ್ಕೆ ಬಿಡುವವಳೇ ನಾನು? ಒಂಬತ್ತನೆಯ ಪುಟ ತೆಗೆದು ಅಪ್ಪನ ಸಾಲು ಹಾಡಿ ತೋರಿಸಿದೆ. ಮೌನದ ಜಾಗದಲ್ಲಿ ನಿಲ್ಲಿಸಿದೆ. ಅಲ್ಲಿ ನೀನು ವಿಯೋಲಾಕ್ಕೆ ಒಂದೇ ಒಂದು ಸ್ವರ ಬರೆದಿದ್ದೀ, ಕೇಳಿಯೂ ಕೇಳದಷ್ಟು ಮೆಲ್ಲಗೆ. ನಾನದನ್ನು ಬರೀ ಅಲಂಕಾರ ಎಂದುಕೊಂಡಿದ್ದೆ. ಅಮ್ಮನ ಮುಂದೆ ಅದನ್ನು ಹಾಡಿರಲೇ ಇಲ್ಲ.

ಅಮ್ಮ ಉಂಡೆಯಿಂದ ಕಣ್ಣೆತ್ತದೆ ಅದೇ ಸ್ವರವನ್ನು ಗುನುಗಿದಳು.

ಗೆರ್ಶನ್, ಮಹಡಿಯಲ್ಲಿ ಚಿಕ್ಕಂದಿನಿಂದ ಅವಳ ಪಕ್ಕದಲ್ಲೇ ನಿಂತವಳು ನಾನು. ಅದನ್ನು ನಿಟ್ಟುಸಿರು ಎಂದುಕೊಂಡೇ ಬೆಳೆದೆ. ಹೆಂಗಸಿನ ದನಿ ಗಂಡಸರ ಪ್ರಾರ್ಥನೆಗೆ ತಾಗಬಾರದ ಜಾಗದಲ್ಲಿ, ಅವಳು ಅಪ್ಪನಿಗೆ ಶ್ರುತಿ ಕೊಡುತ್ತಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

"ನಿಮ್ಮಪ್ಪ ಅಲ್ಲಿ ಮರೀತಾರೆ ಅಂತ ನೀನೇ ತೀರ್ಮಾನ ಮಾಡ್ಬಿಟ್ಟಿದ್ದೆ. ಗೆರ್ಶನ್ ಬಂದು, ಅವರು ಅಲ್ಲಿ ಯಾಕೆ ನಿಲ್ತಿದ್ರು ಅಂತ ಕೇಳ್ದ. ಯಾರ ಸ್ವರ ಅಂತ ಬಾಯಿಬಿಡಬೇಡ ಅಂತ ಮಾತು ತಗೊಂಡೇ ಹೇಳಿದ್ದು."

"ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ನಿಲ್ತಿದ್ರಾ? ಮೂವತ್ತೊಂದು ವರ್ಷ ಆ ಮನುಷ್ಯ ಅಲ್ಲಿ ಕಾಯ್ತಾ ಇದ್ದದ್ದು ನನಗೆ ಕಣೇ."

ನನ್ನನ್ನು ಕ್ಷಮಿಸು. ಆದರೂ ಒಂದು ಅನುಮಾನ ಉಳಿದಿದೆ. ನಿನಗೆ ಕೇಳಬೇಕೆಂದು ಹೊಳೆದದ್ದು ಹೇಗೆ? ಮೂರನೆಯ ಸಾಲಿಗೆ ಆ ಸ್ವರ ಕೇಳಿಸುತ್ತಿತ್ತೇ? ಹಾಗಾದರೆ ಎರಡನೆಯ ಸಾಲಿಗೆ? ಅಷ್ಟು ಗಂಡಸರೂ ಕೇಳಿ, ಒಬ್ಬರೂ ಬಾಯಿಬಿಡಲಿಲ್ಲವೇ? ಇದಕ್ಕೆ ಎದುರಿಗೆ ಕೂತು ಉತ್ತರ ಕೊಡು.

ಭಾನುವಾರ ನುಡಿಸುತ್ತೇನೆ. ಅಮ್ಮ ಮೊದಲ ಸಾಲಿನಲ್ಲಿ ಕೂರುತ್ತಾಳೆ, ಜಾಲರಿಯಿಲ್ಲದೆ. ಆ ಮೌನಕ್ಕೆ ನೀನು ನಾಲ್ಕು ಎಣಿಕೆ ಕೊಟ್ಟಿದ್ದೀ. ನಾನು ಎಣಿಸುವುದಿಲ್ಲ. ಅವಳ ಗಂಟಲು ಅಲುಗುವವರೆಗೆ ಕಾಯುತ್ತೇನೆ.

ಬರುವ ವರ್ಷಕ್ಕೆ ದೇವರು ಬರೆಯುವ ಪುಸ್ತಕದಲ್ಲಿ ನಿನ್ನ ಹೆಸರು ಒಳ್ಳೆಯವರ ಪುಟದಲ್ಲೇ ಇರಲಿ.

ಇಂತಿ, ನಿನ್ನ ಗುರುವಿನ ಮಗಳು
ಪೆನಿನಾ