ರಿಯಾಲಿನಲ್ಲಿ ಸಿಕ್ಕಿಕೊಂಡ ಮೊದಲ ಟಿಕೆಟ್

ಶೆಟಗೇರಿ, ಅಂಕೋಲಾ ತಾಲೂಕು
೧೪ ನವೆಂಬರ್ ೨೦೨೫

ಪ್ರೀತಿಯ ನಾಗಶ್ರೀ,

ಮಸ್ಕತ್ತಿನಲ್ಲಿ ನೀನೂ ಅಳಿಯಂದಿರೂ ಕ್ಷೇಮವೇ? ನಿನ್ನ ಬೆನ್ನುನೋವು ಇಳಿಯಿತೇ? ನಿನ್ನ ತಾಯಿ ಈಗ ಎರಡು ಹೊತ್ತೂ ಉಣ್ಣುತ್ತಾಳೆ. ಈಗ ಹೇಳಹೊರಟಿರುವ ವಿಷಯ ಫೋನಿನಲ್ಲಿ ಹೇಳಿದರೆ ಅವಳ ಕಿವಿಗೆ ಬೀಳುತ್ತದೆ. ಆದ್ದರಿಂದ ಬರೆದು, ಹಾಳೆಯ ಫೋಟೋ ಕಳಿಸುತ್ತಿದ್ದೇನೆ.

ನಿನ್ನ ಅಣ್ಣ ಸಂಕೇತ ಸಾಯುವ ಮೊದಲು ಕಲಿಸಿಕೊಟ್ಟಿದ್ದ ನಾಟಕವನ್ನು ಅವನ ತಂಡದವರು ಮೂವತ್ತರಂದು ಕಾರವಾರದಲ್ಲಿ ಆಡುತ್ತಾರಷ್ಟೆ. ಆನ್‌ಲೈನ್ ಟಿಕೆಟ್ ಮಾರಾಟದ ಪುಟವನ್ನು ನಾನೇ ಸಿದ್ಧಪಡಿಸುವೆನೆಂದು ಹಟಮಾಡಿ ಅವನ ಗೆಳೆಯ ರವಿಕಿರಣನಿಂದ ಆ ಕೆಲಸ ಕಸಿದುಕೊಂಡೆ. ಅಲ್ಲಿಯ ನಿಮ್ಮ ಬಳಗ ನೇರಪ್ರಸಾರ ನೋಡಲು ರಿಯಾಲಿನಲ್ಲಿ ಹಣ ಕೊಡಬಹುದೇ ಎಂದು ನೀನು ಕೇಳಿದ್ದೆ. ಪರೀಕ್ಷಿಸಲೆಂದು ಕರೆನ್ಸಿಯ ಜಾಗದಲ್ಲಿ ಒಮಾನಿ ರಿಯಾಲ್ ಆರಿಸಿದೆ. ಅದನ್ನು ರೂಪಾಯಿಗೆ ತಿರುಗಿಸುವ ಮೊದಲೇ ಒಂದು ಉಚಿತ ಟಿಕೆಟ್ ತೆಗೆದುಬಿಟ್ಟೆ. ಒಂದು ನಾಟಕ ಪ್ರದರ್ಶನಕ್ಕೆ ಒಂದೇ ಕರೆನ್ಸಿ. ಒಂದು ಟಿಕೆಟ್ ಹೊರಬಿದ್ದರೂ ಸಾಕು, ಅದನ್ನು ರದ್ದುಮಾಡದೆ ಕರೆನ್ಸಿ ಬದಲಾಗದು. ಈ ನಿಯಮ ನಾನು ಓದಿದ್ದು ಆಮೇಲೆ.

ಈಗ ನೂರೈವತ್ತು ರೂಪಾಯಿಯ ಟಿಕೆಟ್ ನೂರೈವತ್ತು ರಿಯಾಲ್ ಎಂದು ಕೂತಿದೆ, ಅಂದರೆ ಮೂವತ್ತು ಸಾವಿರ ರೂಪಾಯಿಗೂ ಮೇಲೆ. ನಿನ್ನ ಶಿವಾನಂದ ಮಾವ ಮೊಬೈಲಿನಲ್ಲಿ ಅದನ್ನು ನೋಡಿ, "ಭಾವಾ, ಈ ರೇಟಿಗೆ ನಾಟಕ ನೋಡುಕಿಂತ ಮಸ್ಕತ್ತಿಗೇ ಹೋಗಿ, ಮಗಳ ಕೈಲಿ ಮೀನೂಟ ಮಾಡ್ಕಂಡು ಬರುಕಾಗ್ತದೆ" ಅಂದ. ನಾನೂ ನಕ್ಕೆ, ಬಹಳ ದಿನಗಳ ಮೇಲೆ. ಹೊಸ ಪುಟ ಮಾಡುವಂತಿಲ್ಲ. ಕಾರವಾರ, ಅಂಕೋಲಾ ಬಸ್‌ನಿಲ್ದಾಣಗಳ ಪೋಸ್ಟರುಗಳಲ್ಲೆಲ್ಲ ಇದೇ ಪುಟದ ಕ್ಯೂಆರ್ ಕೋಡ್ ಅಚ್ಚಾಗಿದೆ. ನಾಳೆ ಹತ್ತು ಗಂಟೆಗೆ ಮಾರಾಟ ಆರಂಭ.

ಆ ಟಿಕೆಟ್ ಸಂಕೇತನ ಹೆಸರಿನಲ್ಲಿದೆ. ಪ್ರತಿ ಪ್ರಯೋಗಕ್ಕೂ ಅವನು ಮೊದಲ ಟಿಕೆಟನ್ನು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದ. ನಾನು ಒಂದಕ್ಕೂ ಹೋಗಲಿಲ್ಲ. ನಾಟಕ ಕೆಲಸವಿಲ್ಲದವರ ಕೆಲಸವೆಂದು ಅವನೆದುರು ವಾದಿಸಿ ಗೆದ್ದವನು ನಾನು. ಈ ಸಲದ ಮೊದಲ ಟಿಕೆಟ್ ನಾನು ಅವನಿಗೆ ಕೊಡಬೇಕೆನ್ನಿಸಿತು. ನಿನ್ನ ತಾಯಿ ಅದರ ಪ್ರಿಂಟ್ ತೆಗೆಸಿ ಅವನ ಭಾವಚಿತ್ರದ ಮುಂದೆ ಇಟ್ಟಿದ್ದಾಳೆ.

ರದ್ದು ಮಾಡಹೊರಟರೆ ಪುಟ ಕಾರಣ ಕೇಳುತ್ತದೆ: ಪ್ರೇಕ್ಷಕರು ಬರುವುದಿಲ್ಲ, ತಪ್ಪಾಗಿ ಪಡೆದದ್ದು, ಇತರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವ ಪಕ್ಷ ಕೊಟ್ಟರೂ ಸಮರ್ಥಿಸುತ್ತಿದ್ದೆ. ಬೆಳಗಿನಿಂದ ಈ ಮೂರರ ಮುಂದೆ ಕುಳಿತಿದ್ದೇನೆ. ಒಂದನ್ನೂ ಒತ್ತಿಲ್ಲ. ರವಿಕಿರಣ ಎರಡು ಸಲ ಫೋನ್ ಮಾಡಿದ. ಎಲ್ಲ ಸರಿಯಿದೆ ಎಂದೆ.

ನಿಮ್ಮಿಬ್ಬರಿಗೂ ನಮ್ಮ ಆಶೀರ್ವಾದ ಸದಾ ಇದೆ. ಬಿಸಿಲಿನಲ್ಲಿ ಹೆಚ್ಚು ತಿರುಗಬೇಡ.

ಇಂತು,
ನಿನ್ನ ತಂದೆ
ಮಧುಕರ

ತಾ.ಕ.: ಪುಟದ ಪಾಸ್‌ವರ್ಡ್ ಹಾಳೆಯ ಹಿಂದೆ ಬರೆದಿದ್ದೇನೆ, ಅದರದೂ ಫೋಟೋ ಕಳಿಸುತ್ತೇನೆ. ನಾಳೆ ಇಲ್ಲಿಯ ಹತ್ತು ಗಂಟೆಯೊಳಗೆ ನೀನೇ ರದ್ದು ಮಾಡಿ ರೂಪಾಯಿಗೆ ತಿರುಗಿಸು, ಮಗಾ. ಯಾವ ಕಾರಣ ಆರಿಸಿದೆ ಎಂಬುದನ್ನು ಮಾತ್ರ ನನಗೆ ಎಂದೂ ಹೇಳಬೇಡ.