ಅಮ್ಮನ ಪಕ್ಕ ಹೋಗಿ ಕೂತುಕೋ

ಪುಟ್ಟಾ,

ನಾನು ಕೆಲಸಕ್ಕೆ ಹೊರಟೆ. ಹತ್ತು ಗಂಟೆಗೆ ಅಮ್ಮನಿಗೆ ತಿಂಡಿ ತಿನ್ನಿಸಿ ನೋವಿನ ಮಾತ್ರೆ ಕೊಡು. "ಅವಳು ಕೇಳಲಿಲ್ಲ, ಕೊಡಲಿಲ್ಲ" ಅನ್ನಬೇಡ. ನೋವು ಅಂತ ಬಾಯಿ ಬಿಡುವವಳಲ್ಲ ಅವಳು.

ನಿನ್ನೆ ನಾವು ಆಸ್ಪತ್ರೆಯಿಂದ ಬಂದರೆ ನೀನು ಕೋಣೆಯ ಬಾಗಿಲು ಹಾಕಿಕೊಂಡೆ. ಏನಾಯಿತೆಂದು ಕೇಳಲೂ ಇಲ್ಲ. ಇನ್ನು ಔಷಧಿ ನಾಟುವುದಿಲ್ಲ, ಹೆಚ್ಚೆಂದರೆ ಮೂರು ತಿಂಗಳು ಎಂದರು ಡಾಕ್ಟರು. ಅಮ್ಮ, "ಅಲ್ಲೀವರೆಗೂ ಹೊಲಿಗೆ ಮಿಷನ್ ತುಳೀಬಹುದಾ ಡಾಕ್ಟ್ರೇ?" ಎಂದು ಕೇಳಿದಳು.

ಹೊರಗೆ ಬೆಂಚಿನ ಮೇಲೆ ಅಮ್ಮನದೇ ಕಾಯಿಲೆಯ ಹುಡುಗಿಯೊಬ್ಬಳು ನಡುಗುತ್ತ ಕೂತಿದ್ದಳು. ಅಮ್ಮ ಅವಳ ಕೈ ಹಿಡಿದು ಪ್ರಾರ್ಥನೆ ಮಾಡಿದಳು.

"ನಿಮಗೆ ಹೆದರಿಕೆ ಆಗಲ್ವಾ ಆಂಟಿ?"

"ಆಗತ್ತೆ ಮಗಳೇ. ಆದ್ರೆ ಯೇಸು ಸಾವಿನೊಳಗೆ ಹೋಗಿ ಎದ್ದು ಬಂದೋನು, ಆ ದಾರಿ ಬಲ್ಲೋನು. ಅವನ ಕೈ ಹಿಡ್ಕೊಂಡು ಹೋಗ್ತೀನಿ."

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದೆವಲ್ಲ ಎಂದು ಎದೆ ತುಂಬಿ ಬಂತು ಕಣೋ.

"ವಾಸಿಯಾಗುತ್ತಮ್ಮ" ಎಂದು ಅವಳಿಗೆ ಸುಳ್ಳು ಹೇಳಬೇಡ. ಸುಮ್ಮನೆ ಪಕ್ಕ ಕೂತುಕೋ. ಅಳು ಬಂದರೆ ಅತ್ತುಬಿಡು. ನಿನ್ನೆ ನಾನು ಬಸ್ಸಿನಲ್ಲಿ ಅತ್ತಾಗ ಸೆರಗಿನಿಂದ ಕಣ್ಣೊರೆಸಿದವಳು ಅವಳೇ.

ಅಕ್ಕ