ತಲೆ ಇನ್ನೂ ಮೇಲೆಯೇ ಇದೆ

ಫೆಬ್ರವರಿ 17, ಸೋಮವಾರ

ಮಗು ತಿರುಗಲೆಂದು ಮಾಡುವ ಬೆಳಗಿನ ಕಸರತ್ತು ಮುಗಿಯಿತು. ಚಾಪೆಯ ಮೇಲೆ ಮಂಡಿಯೂರಿ, ಎದೆ ನೆಲಕ್ಕೆ, ಸೊಂಟ ಮೇಲಕ್ಕೆ. ಅಪ್ಪ ಡೇರಿಗೆ ಹಾಲು ಹಾಕಿ ಬರುವುದರೊಳಗೆ ಮುಗಿಸಬೇಕು. ನಾಚಿಕೆ.

ಎದ್ದು ಕೂತು ಮುಟ್ಟಿ ನೋಡಿದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಗುಂಡಗೆ, ಗಟ್ಟಿಯಾಗಿ. ಒತ್ತಿದರೆ ಸ್ವಲ್ಪ ಜಾರಿ ಮತ್ತೆ ಅಲ್ಲಿಗೇ. ತಲೆ ಇನ್ನೂ ಮೇಲೆಯೇ ಇದೆ. ಒದೆಯುವುದೆಲ್ಲ ಕೆಳಗೆ. ಒಂದು ಒದೆತಕ್ಕೆ ಬಾತ್‌ರೂಮಿಗೆ ಓಡಬೇಕು.

ಮೊನ್ನೆ ಮಾಗಡಿಯಲ್ಲಿ ಡಾಕ್ಟರ್ ಅಮೂಲ್ಯ ಸ್ಕ್ಯಾನ್ ನೋಡಿ ಹೇಳಿದ್ದರು: "ಈ ಹೊತ್ತಿಗೆ ತಲೆ ಕೆಳಗೆ ಬರಬೇಕಿತ್ತು ಲತಾಮಣಿ. ಇನ್ನೂ ತಿರುಗಬಹುದು. ತಿರುಗದಿದ್ದರೆ ಆಪರೇಷನ್, ಹೆದರಬೇಡಿ. ಆದರೆ ನೀರು ಒಡೆದರೆ ಕೂರಬೇಡಿ, ನಡೆಯಬೇಡಿ. ಮಲಗಿಕೊಂಡೇ ಬನ್ನಿ."

ಗುಡೇಮಾರನಹಳ್ಳಿಯಲ್ಲಿ, ತವರಿನಲ್ಲಿ, ಮಲಗುವುದೊಂದೇ ಕೆಲಸ. ಕುದೂರಿನ ಹೈಸ್ಕೂಲಿನಲ್ಲಿ ನನ್ನ ಹತ್ತನೇ ಕ್ಲಾಸಿನವರಿಗೆ ಈಗ ಯಾರು ತ್ರಿಕೋನಮಿತಿ ಹೇಳುತ್ತಿದ್ದಾರೋ...

ಫೆಬ್ರವರಿ 19

ಅತ್ತೆ ಕುದೂರಿನಿಂದ ದಿನಾ ಫೋನ್. "ತಿರುಗ್ತಾ?" — ಮೊದಲು ಅದು. ಊಟ ಆಯ್ತಾ ಅನ್ನುವುದು ಆಮೇಲೆ. ನಾನೇ ಅದನ್ನು ಹಿಡಿದು ಕೂರಿಸಿಕೊಂಡಿದ್ದೇನೆ ಅನ್ನುವ ಹಾಗೆ.

ಎಡಕ್ಕೆ ಮಲಗು. ಬಲಕ್ಕೆ ತಿರುಗಬೇಡ. ದನದ ಹಗ್ಗ ದಾಟಬೇಡ. ಬಂದವರೆಲ್ಲ ಹೊಟ್ಟೆ ಮುಟ್ಟಿ ನೋಡಿ, ಒಂದು ಮಾತು ಹೇಳಿ ಹೋಗುತ್ತಾರೆ. ಹೊಟ್ಟೆಯೋ, ಊರ ಮುಂದಿನ ಅರಳಿಕಟ್ಟೆಯೋ.

ಅಮ್ಮ ಹುಣಸೆಹಣ್ಣು ಬಿಡಿಸುತ್ತಾ: "ನೀನು ಮನೇಲೇ ಆದೆ. ಒಬ್ಬ ಡಾಕ್ಟ್ರ ಮೊಖ ನೋಡ್ನಿಲ್ಲ ನಾನು. ಕುಯ್ಯಿಸ್ಕಂಡ್ರೆ ಆಮೇಲೆ ಬಗ್ಗಿ ಕಸ ಗುಡ್ಸಕ್ಕೂ ಆಗಕಿಲ್ಲ ಕಣವ್ವ."

ಅಪ್ಪ ಜಗಲಿಯಿಂದ: "ಹಸ ಆಗಿದ್ರೆ ಕೈ ಹಾಕಿ ತಿರುಗಿಸ್ಬುಡ್ತಿದ್ದೆ ಮಗಾ." ಹೇಳಿದ ಮೇಲೆ ತಾನೇ ನಾಚಿಕೊಂಡು ಕೊಟ್ಟಿಗೆಗೆ ಎದ್ದು ಹೋದ.

ಫೆಬ್ರವರಿ 22, ಶನಿವಾರ

ದೇವರಾಜು ಬಂದಿದ್ದರು. (ಬಾಯಲ್ಲಿ ಗಂಡನ ಹೆಸರು ಹಿಡಿಯುವುದಿಲ್ಲ. ಇಲ್ಲಾದರೂ ಬರೆಯುತ್ತೇನೆ.) ಬೇಸಿಗೆ ಶುರು, ಊರೂರಿನ ಬೋರ್‌ವೆಲ್ ಮೋಟಾರೆಲ್ಲ ಸುಟ್ಟು ಇವರ ರೀವೈಂಡಿಂಗ್ ಅಂಗಡಿಗೆ ಬರುತ್ತಿವೆ. ಕೈಯೆಲ್ಲ ವಾರ್ನಿಶ್ ವಾಸನೆ.

"ಕೆಳಗಿಂದ ಸದ್ದು ಬಂದ್ರೆ ಮಗ ಆ ಕಡೆ ತಲೆ ತಿರುಗಿಸ್ತದಂತೆ. ಯೂಟ್ಯೂಬಲ್ಲಿ ಹೇಳವ್ರೆ."

ಕೆಳಹೊಟ್ಟೆಗೆ ಫೋನ್ ಒತ್ತಿ ಹಿಡಿದರು. ಹಾಡಿಗಿಂತ ಮೊದಲು ಸಿಮೆಂಟಿನ ಜಾಹೀರಾತು ಬಂತು. ಇಬ್ಬರೂ ನಕ್ಕೆವು. ನಕ್ಕು ನಕ್ಕು ನನಗೆ ಅಳು ಬಂತು. ಇವರು ಫೋನ್ ಅಲ್ಲೇ ಹಿಡಿದುಕೊಂಡು ಕೂತರು.

ಹೊರಡುವಾಗ: "ಸೋಮವಾರ ಚಿಕ್ಕಲಕ್ಷ್ಮಮ್ಮನ ಕರುಸ್ತಾರಂತಲ್ಲ ನಿಮ್ಮವ್ವ?"

ಕೆಳಗಿನ ಬೀದಿಯ ಅಜ್ಜಿ. ಹಿಂದೆ ಹೆರಿಗೆ ಮಾಡಿಸುತ್ತಿದ್ದಳು. ನನ್ನನ್ನೂ ಅವಳೇ ಎತ್ತಿಕೊಂಡದ್ದು.

"ಹೂಂ. ಎಣ್ಣೆ ಹಾಕಿ ತೀಡಿ ತಿರುಗಿಸ್ತಾಳಂತೆ."

"ಬೇಡ ಅನ್ನು."

"ನೀವೇ ಹೇಳಿ."

"ಅತ್ತೆಗೆ ನಾನ್ ಹೆಂಗೇಳ್ಲಿ ಲತಾ?"

ಬೈಕ್ ಸ್ಟಾರ್ಟ್ ಮಾಡಿದರು. ಇಬ್ಬರೂ ಹೇಳಲಿಲ್ಲ.

ಫೆಬ್ರವರಿ 24, ಸಂಜೆ

ಬಂದಳು. ಮಧ್ಯಾಹ್ನ ಊಟ ಆದ ಮೇಲೆ. ಹರಳೆಣ್ಣೆ ಬೆಚ್ಚಗೆ ಮಾಡಿ ಅಮ್ಮನೇ ಬಟ್ಟಲು ಹಿಡಿದಳು.

ಮೊದಮೊದಲು ಹಿತವಾಗಿಯೇ ಇತ್ತು. ಅಜ್ಜಿಯ ಅಂಗೈ ಬಿಸಿ, ಒರಟು. "ಗಟ್ಟಿ ಉಸ್ರು ಎಳ್ಕೊಳವ್ವ" ಅಂದಳು. ಆಮೇಲೆ ಒಂದು ಕೈ ಮಗುವಿನ ತಲೆಯ ಮೇಲೆ, ಒಂದು ಕೈ ಕೆಳಗೆ — ಒತ್ತಿದಳು. ಬೇಡ ಎನ್ನಲು ಬಾಯಿ ತೆರೆದೆ. ಬಂದದ್ದು "ಅವ್ವಾ" ಅಷ್ಟೇ. ಅಮ್ಮ ಹಣೆ ಸವರಿದಳು. "ಒಸಿ ತಡ್ಕೊ ಕಣವ್ವ. ಆಗೋಯ್ತು, ಆಗೋಯ್ತು."

ಒಂದು ಕ್ಲಾಸಿನಷ್ಟು ಹುಡುಗರನ್ನು ಒಂದೇ ಮಾತಿಗೆ ಸುಮ್ಮನಾಗಿಸುವವಳು ನಾನು.

"ಜರುಗ್ತು ನೋಡು" ಎಂದಳು ಅಜ್ಜಿ. ಅಮ್ಮ ಎಲೆ ಅಡಿಕೆ, ರವಿಕೆ ಬಟ್ಟೆ ಕೊಟ್ಟು ಕಳಿಸಿದಳು. ಅಮ್ಮನ ಮುಖದಲ್ಲಿ ಎಷ್ಟು ನೆಮ್ಮದಿ...

ಅಲ್ಲಿಂದೀಚೆಗೆ ಒದೆತವಿಲ್ಲ. ಸಕ್ಕರೆ ನೀರು ಕುಡಿದೆ. ಎಡಕ್ಕೆ ಮಲಗಿದೆ. ಹೊಟ್ಟೆಯ ಮೇಲೆ ತಣ್ಣನೆಯ ಚೊಂಬು ಇಟ್ಟೆ.

ಒದೆ. ಎಲ್ಲಿಗಾದರೂ ಒದೆ.

ಫೆಬ್ರವರಿ 25

ಬೆಳಕು ಹರಿಯುವಾಗ ಒಮ್ಮೆ ಅಲುಗಿತು. ಒದೆತವಲ್ಲ, ಹೊರಳಿದ ಹಾಗೆ. ಮೊದಲ ಬಸ್ಸಿಗೆ ಮಾಗಡಿ.

ಡಾಕ್ಟರ್ ಯಂತ್ರ ಇಟ್ಟರು. ಟಕಟಕಟಕ... ಎದೆಬಡಿತ. ಆ ಸದ್ದಿಗೆ ನಾನು, ಅಮ್ಮ ಇಬ್ಬರೂ ಅತ್ತೆವು. ಆಮೇಲೆ ಸ್ಕ್ಯಾನ್. ಡಾಕ್ಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಅಡ್ಡ ಆಗಿದೆ. ತಲೆ ಬಲಕ್ಕೆ, ಕಾಲು ಎಡಕ್ಕೆ." ನನ್ನ ಹೊಟ್ಟೆ ಮುಟ್ಟಿ ಬೆರಳು ಮೂಸಿ ನೋಡಿದರು. "ಯಾರಾದರೂ ತೀಡಿದರಾ?"

ಅಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

"ಹೂಂ" ಎಂದೆ. ಯಾರು, ಯಾರು ಕರೆಸಿದ್ದು — ಹೇಳಲಿಲ್ಲ.

ಬೈಯಲಿಲ್ಲ ಅವರು. ಬೈದಿದ್ದರೆ ಚೆನ್ನಾಗಿತ್ತು. "ಇನ್ನು ಯಾರೂ ಮುಟ್ಟಬಾರದು. ಕೆಳಗೆ ತಡೆಯಲು ತಲೆಯೂ ಇಲ್ಲ, ಕಾಲೂ ಇಲ್ಲ ಈಗ. ನೀರು ಒಡೆದರೆ ಹೊಕ್ಕುಳಬಳ್ಳಿ ಮೊದಲು ಜಾರಿ ಬರಬಹುದು. ಅದು ಒತ್ತಿಹೋದರೆ ಮಗುವಿಗೆ ಉಸಿರಿಲ್ಲ. ಇವತ್ತೇ ಅಡ್ಮಿಟ್ ಆಗಿ. ಈ ವಾರವೇ ಆಪರೇಷನ್."

ಅತ್ತೆಗೆ ಫೋನ್ ಹೋಯಿತು. ನಾಳೆ ಶಿವರಾತ್ರಿ, ನಾಡಿದ್ದು ಅಮಾವಾಸ್ಯೆ. "ಅಮಾಸೆ ದಿನ ಮಗ ತೆಗ್ಸಕ್ಕೆ ಆಯ್ತದಾ? ಶುಕ್ರವಾರ ಸೇರ್ಸಿ." ಅಮ್ಮ ನನ್ನ ಕಡೆ ನೋಡಿದಳು. ಅತ್ತೆಯ ಪಕ್ಕದಲ್ಲೇ ಇದ್ದ ದೇವರಾಜು ಏನಾದರೂ ಹೇಳುತ್ತಾರೆಂದು ನಾನು ಫೋನಿನ ಕಡೆ ನೋಡಿದೆ. ಅವರು, "ಡಾಕ್ಟ್ರನ್ನ ಒಂದ್ಸಲ ಕೇಳಿ ನೋಡು" ಎಂದರು. ಕೇಳಿದೆ. ಡಾಕ್ಟರ್ ಕೇಸ್‌ಶೀಟ್ ಮೇಲೆ 'ಸಲಹೆ ಮೀರಿ ಮನೆಗೆ' ಎಂದು ಬರೆದು ನನ್ನಿಂದ ಸಹಿ ಹಾಕಿಸಿಕೊಂಡರು.

ಫೆಬ್ರವರಿ 26

ಉಪವಾಸ ಬೇಡ ಎಂದಿದ್ದಾರೆ. ಮಲಗೇ ಇದ್ದೇನೆ. ಶುಕ್ರವಾರಕ್ಕೆ ಬ್ಯಾಗ್ ತುಂಬಿ ಬಾಗಿಲ ಬಳಿ ಇಟ್ಟಿದೆ. ಗಟ್ಟಿಯಾದದ್ದು ಈಗ ಬಲಗಡೆ ಸೊಂಟದ ಮೇಲೆ. ಅಮ್ಮ ಕೋಣೆಗೆ ಬರುತ್ತಾಳೆ, ಹೋಗುತ್ತಾಳೆ.

ಮಾರ್ಚ್ 3, ಸೋಮವಾರ. ಮಾಗಡಿ ಆಸ್ಪತ್ರೆ

ಇವತ್ತು ಒರಗಿ ಕೂರಲು ಬಿಟ್ಟಿದ್ದಾರೆ. ಬರೆಯಬೇಕು. ಬರೆಯದಿದ್ದರೆ ಅದೇ ಕಣ್ಣ ಮುಂದೆ.

ಗುರುವಾರ ಬೆಳಗ್ಗೆ ತಿಂಡಿ ತಿಂದು ಎದ್ದೆ. ಬಿಸಿ ನೀರು ಕಾಲ ಮೇಲೆ ಇಳಿಯಿತು. ನಿಲ್ಲಲೇ ಇಲ್ಲ. ಅಲ್ಲೇ ನಡುಮನೆಯಲ್ಲಿ ಮಲಗಿದೆ. ಅಪ್ಪ ಆಂಬುಲೆನ್ಸಿಗೆ ಫೋನ್ ಹಚ್ಚಿದ. ಬರಲು ಹೊತ್ತಾಗುತ್ತದೆ ಎಂದರು. ಬರಿಗಾಲಲ್ಲಿ ಓಡಿಹೋಗಿ ಪಕ್ಕದ ಬೀದಿಯ ವಾಸಿಂನನ್ನು ಕರೆತಂದ. ಟೊಮೆಟೊ ಸಾಗಿಸುವ ಅವನ ಓಮ್ನಿ. ಕ್ರೇಟೆಲ್ಲ ರಸ್ತೆಗೆ ಎಸೆದು, ಹಿಂದೆ ಕಂಬಳಿ ಹಾಸಿ, ನನ್ನನ್ನು ಎತ್ತಿ ಮಲಗಿಸಿದರು.

ಊರು ದಾಟುವಷ್ಟರಲ್ಲಿ ಏನೋ ಜಾರಿತು. ನೋವಿಲ್ಲ. ಮೆತ್ತಗೆ, ಬೆಚ್ಚಗೆ, ತೊಡೆಗೆ ತಾಕಿತು. ಮಿಡಿಯುತ್ತಿತ್ತು. ಅಮ್ಮ ಸೀರೆ ಸರಿಸಿ ನೋಡಿದಳು. ಅವಳ ಅಂಥ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಕೈ ಮುಂದೆ ಚಾಚಿದಳು.

"ಮುಟ್ಬೇಡ!"

ಕೂಗಿದೆ. ಆ ಮಾತು ಆಗ ಬಂತು ಬಾಯಿಗೆ.

ಹೇಗೋ ಹೊರಳಿ ಮಂಡಿಯೂರಿದೆ. ಎದೆ ಕೆಳಗೆ, ಸೊಂಟ ಮೇಲೆ. ಅಪ್ಪ ಮುಂದಿನ ಸೀಟಿನಲ್ಲಿದ್ದ, ತಿರುಗಿ ನೋಡಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ, "ಕರುಳ್ಬಳ್ಳಿ ಈಚೆ ಬಂದೈತೆ ತಾಯಿ, ಬತ್ತಾ ಇದೀವಿ, ಬತ್ತಾ ಇದೀವಿ" ಎಂದು ಅದನ್ನೇ ಹೇಳುತ್ತಿದ್ದ. ಅಮ್ಮ ನನ್ನ ಎರಡೂ ಪಾದ ಹಿಡಿದುಕೊಂಡು ಕೂತಿದ್ದಳು. ಹಿಡಿಯಲು ಅವಳಿಗೆ ಅಷ್ಟೇ ಉಳಿದಿತ್ತು. ರಸ್ತೆಯ ಪ್ರತಿ ಉಬ್ಬಿಗೂ ವಾಸಿಂ, "ತಡ್ಕೊಳಕ್ಕಾ, ತಡ್ಕೊಳಕ್ಕಾ."

ಆಸ್ಪತ್ರೆಯ ಗೇಟಿನಲ್ಲೇ ಸ್ಟ್ರೆಚರ್ ಇತ್ತು. ಒಬ್ಬ ಸಿಸ್ಟರ್ ಕೈಯನ್ನು ಒಳಗೇ ಇಟ್ಟು, ಮಗುವನ್ನು ಬಳ್ಳಿಯ ಮೇಲಿಂದ ಎತ್ತಿ ಹಿಡಿದುಕೊಂಡು, ಸ್ಟ್ರೆಚರ್ ಜೊತೆಗೇ ಓಡಿ ಬಂದರು. "ಬಡಿತ ಇದೆ, ಇನ್ನೂ ಇದೆ" ಅನ್ನುತ್ತಿದ್ದರು. ಡಾಕ್ಟರ್ ಅಮೂಲ್ಯ ಕೈ ತೊಳೆಯುತ್ತಿದ್ದರು. ಮೂಗಿಗೆ ಏನೋ ಇಟ್ಟರು.

ಎಚ್ಚರವಾದಾಗ ಹೊಟ್ಟೆ ಖಾಲಿ.

ಹೆಣ್ಣು. ಹುಟ್ಟಿದ ಕೂಡಲೇ ಅಳಲಿಲ್ಲವಂತೆ. ಉಸಿರು ಕೊಟ್ಟು, ರಾಮನಗರದ ಮಕ್ಕಳ ಘಟಕಕ್ಕೆ ಕಳಿಸಿದರಂತೆ. ದೇವರಾಜು ಜೊತೆಗೆ ಹೋದರು.

ನಾನು ಇನ್ನೂ ನೋಡಿಲ್ಲ.

ಮಾರ್ಚ್ 5

ವಿಡಿಯೋ ಕಳಿಸಿದ್ದಾರೆ. ಮೂಗಿನಲ್ಲಿ ನಳಿಕೆ, ಕಾಲಿಗೆ ದಾರದಂಥ ವೈರು. ಪುಟ್ಟ ಎದೆ ಏರಿ ಇಳಿಯುತ್ತದೆ. ಮತ್ತೆ ಮತ್ತೆ ನೋಡಿದೆ, ಚಾರ್ಜ್ ಮುಗಿಯುವವರೆಗೆ. ಫಿಟ್ಸ್ ಬಂದರೆ ಕಷ್ಟ ಎಂದಿದ್ದಾರಂತೆ. ಇದುವರೆಗೆ ಬಂದಿಲ್ಲ.

ಹಾಲು ಇಳಿದಿದೆ. ಹಿಂಡಿ ಬಾಟಲಿಗೆ ತುಂಬಿಸಿದೆ. ಅಪ್ಪ ಅದನ್ನು ಐಸ್ ಇಟ್ಟ ಡಬ್ಬಿಯಲ್ಲಿ ಹಾಕಿಕೊಂಡು ರಾಮನಗರದ ಬಸ್ಸು ಹತ್ತುತ್ತಾನೆ. ಸೀಟು ಸಿಕ್ಕರೂ ಡಬ್ಬಿ ಕೆಳಗಿಡುವುದಿಲ್ಲವಂತೆ.

ಅಮ್ಮ ಇವತ್ತು ಬಾಯಿ ಬಿಟ್ಟಳು. ನನ್ನ ಕಡೆ ನೋಡದೆ. "ನಾನು ತೀಡ್ಸಿದ್ದಕ್ಕೇ ಅಡ್ಡ ಬಿತ್ತಾ ಲತಾ?"

ಡಾಕ್ಟರನ್ನು ಕೇಳಿದೆ. "ಹೇಳಲಾಗುವುದಿಲ್ಲ. ಕೆಲವು ಮಕ್ಕಳು ತಾವಾಗಿಯೇ ಅಡ್ಡ ತಿರುಗುತ್ತವೆ. ತೀಡಬಾರದಿತ್ತು ಅನ್ನುವುದು ಮಾತ್ರ ಗೊತ್ತು."

ಅಮ್ಮನಿಗೆ ಅದನ್ನೇ ಹೇಳಿದೆ. ಅವಳಿಗೆ ಬೇಕಾಗಿದ್ದುದು 'ಹೌದು' ಅಥವಾ 'ಅಲ್ಲ' ಅನ್ನುವ ಒಂದು ಮಾತು. ನನಗೂ ಅದೇ. ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರ ಮೇಲೆ? ಅಜ್ಜಿಯ ಮೇಲೆಯೋ, ಅಮಾವಾಸ್ಯೆಯ ಮೇಲೆಯೋ. ಸಹಿ ಹಾಕಿದ್ದು ನಾನು.

ಮಾರ್ಚ್ 7. ರಾಮನಗರ

ಹೊಲಿಗೆ ಹಿಡಿದುಕೊಂಡು ಬಂದೆ. ಗಾಜಿನ ಹಿಂದೆ. ಇಲ್ಲಿ ಅವಳಿಗೆ ಹೆಸರಿಲ್ಲ, "ಲತಾಮಣಿ ಬೇಬಿ." ಬೆರಳು ಮುಟ್ಟಿಸಲು ಬಿಟ್ಟರು. ಹಿಡಿಯಲಿಲ್ಲ. ನಿದ್ದೆ ಎಂದರು ಸಿಸ್ಟರ್.

ದೇವರಾಜು ಗಡ್ಡ ಬಿಟ್ಟಿದ್ದಾರೆ. ಕಾರಿಡಾರಿನಲ್ಲಿ ಗೋಡೆಗೆ ಒರಗಿ, "ಅವತ್ತು ನಾನ್ ಬಂದು ಸೇರಿಸ್ಬುಟ್ಟಿದ್ರೆ..." ಎಂದು ಶುರು ಮಾಡಿ ನಿಲ್ಲಿಸಿದರು. ಹೆಗಲು ಮುಟ್ಟಿದೆ. ಬೇರೇನು ಮಾಡಲಿ.

ಮಾರ್ಚ್ 11, ಮಂಗಳವಾರ, ಮಧ್ಯಾಹ್ನ

ನಿನ್ನೆ ಆಕ್ಸಿಜನ್ ತೆಗೆದರು. ಬೆಳಗ್ಗೆ ಬಾಯಿಂದ ಹಾಲು ಎಳೆದಳು, ಸ್ವಲ್ಪವೇ, ಆಮೇಲೆ ದಣಿದು ಬಿಟ್ಟಳು. ಈಗ ನನ್ನ ಮಂಚಕ್ಕೇ ಕೊಟ್ಟಿದ್ದಾರೆ. ಪಕ್ಕದಲ್ಲಿ ಮಲಗಿದ್ದಾಳೆ. ಮುಂದೆ ಹೇಗೋ, ಕತ್ತು ನಿಲ್ಲುವುದು, ಕೂರುವುದು ಎಲ್ಲ ನೋಡುತ್ತಿರಬೇಕು, ಈಗಲೇ ಏನೂ ಹೇಳಲಾಗುವುದಿಲ್ಲ ಎಂದರು ಮಕ್ಕಳ ಡಾಕ್ಟರ್. ಇನ್ನು ಎಷ್ಟು ದಿನ ಈ ಮಾತು ಕೇಳಬೇಕೋ.

ಅಮ್ಮ ಬಂದು ಸ್ಟೂಲಿನ ಮೇಲೆ ಕೂತಿದ್ದಾಳೆ. ಬೆಳಗಿನಿಂದ ಮಗುವನ್ನು ಮುಟ್ಟಿಲ್ಲ. "ಎತ್ಕೊ" ಎಂದೆ. "ನೆಗಡಿ ಐತೆ" ಎಂದಳು. ನೆಗಡಿ ಏನೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹೇಳಿದೆ. "ನಾ ಮುಟ್ಟಕಿಲ್ಲ ಕಣವ್ವ. ನೀನೇ ಮುಟ್ಬೇಡ ಅಂದಿದ್ದಲ್ಲ" — ಸಿಟ್ಟಿನಲ್ಲಿ ಅಲ್ಲ. ಸೆರಗಿನೊಳಗೆ ಕೈ ಮುಚ್ಚಿಟ್ಟುಕೊಂಡು.

ಇದನ್ನು ಬರೆಯುತ್ತಾ ಕೂತೆ.

ಮಿಸುಕಿದಳು. ಮುಖ ಕೆಂಪಾಗುತ್ತಿದೆ. ಅಳು — ಸಣ್ಣಗೆ, ಬೆಕ್ಕಿನ ಮರಿಯ ಹಾಗೆ. ನಾನು ಪೆನ್ನು ಕೆಳಗಿಡುವ ಮೊದಲೇ ಅಮ್ಮ ಸೆರಗಿನಿಂದ ಎರಡೂ ಕೈ ಹೊರತೆಗೆದು ಮಗುವಿನ ಕಡೆ ಚಾಚಿ—